ಕಿರುವಿಮಾನಗಳೂ ಗೃಹಸ್ಥರ ವಿವೇಕವೂ

ಶರಾವತಿಯು ಹೊನ್ನಾವರದ ಅಳಿವೆಯಲ್ಲಿ ಸಮುದ್ರವನ್ನು ಸೇರುವುದಕ್ಕೆ ಮೊದಲು ಘಟ್ಟದ ಮೇಲೆ ಲಿಂಗನಮಕ್ಕಿಯ ಕಟ್ಟೆಗೆ ಸಿಕ್ಕಿ ಮಹಾಸರೋವರವಾಗಿ ನಿಂತಿರುವುದು ನಮ್ಮ ಕಡೆಯ ವಾಚಕರಿಗೆಲ್ಲ ವಿದಿತವೇ ಆಗಿದೆ. 1964ರಲ್ಲಿ ಪೂರ್ಣವಾದ ಆ ಕಟ್ಟೆಯ ಹಿನ್ನೀರಿನಲ್ಲಿ ಹೊಲಮನೆಗಳನ್ನು ಕಳೆದುಕೊಂಡವರ ಸಂಕಟವನ್ನು ಸಾಗರದ ನಾ. ಡಿಸೋಜರವರು 'ದ್ವೀಪ'ವೆಂಬ ಕಾದಂಬರಿಯಲ್ಲಿ ಚಿತ್ರಿಸಿದರು. ಗಿರೀಶ ಕಾಸರವಳ್ಳಿಯವರು ಅದನ್ನು ಚಲಚ್ಚಿತ್ರವಾಗಿಸಿದರು. ನೀರು ಏರಿ ಏರಿ ಬರುತ್ತಿದ್ದರೂ ಧೃತಿಗೆಡದ ನಾಗಿಯೆಂಬ ಗೃಹಿಣಿಯ ಪಾತ್ರವನ್ನು ವಹಿಸಿದವರೂ, ಚಿತ್ರಕ್ಕೆ ಹಣವನ್ನು ಹೂಡಿ ನಿರ್ಮಿಸಿದವರೂ ಸೌಂದರ್ಯ ಎಂಬ ನಟಿ. ಆ ಚಿತ್ರಕ್ಕೆ ರಾಷ್ಟ್ರದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲವು ದೊರೆಯಿತು. ಕೋಲಾರದ ಸೀಮೆಯಲ್ಲಿ ಹುಟ್ಟಿ, ಕನ್ನಡ ತೆಲುಗು ಉಭಯ ಭಾಷೆಗಳ ಮನೆಮನೆಗಳಲ್ಲಿಯೂ ಪ್ರೀತಿಯನ್ನು ಸಂಪಾದಿಸಿದ್ದ ಆಕೆಗೆ ಅದು ಉತ್ಕರ್ಷದ ಕಾಲವಾಗಿತ್ತು.

2004ನೆಯ ಇಸವಿಯ ಏಪ್ರಿಲ್ 17, ಶನಿವಾರ. ಲೋಕಸಭೆಯ ಚುನಾವಣೆಯ ದಿನಗಳು. ಆಂಧ್ರ ಪ್ರಾಂತದ ಕರೀಂನಗರದಲ್ಲಿ ಪ್ರಚಾರಸಭೆಗೆ ಹೋಗಬೇಕಾಗಿದ್ದ ಆಕೆ ಬೆಂಗಳೂರಿನ ಉತ್ತರದಲ್ಲಿರುವ ಜಕ್ಕೂರಿನ ವಿಮಾನದ ಬಯಲಿನಿಂದ ಬೆಳಗಿನ ಹನ್ನೊಂದು ಗಂಟೆಯ ಸುಮಾರಿಗೆ ಒಂದೇ ಎಂಜಿನಿನ ಸೆಸ್ನಾ 180 ಎಂಬ ಕಿರುವಿಮಾನದಲ್ಲಿ ಹೊರಟರು. ಒಡನೆ ಆಕೆಯ ಅಣ್ಣನೂ, ಇನ್ನೊಬ್ಬ ಸಂಗಡಿಗರೂ, ವೈಮಾನಿಕರೂ ಇದ್ದರು. ನೆಲವನ್ನು ಬಿಟ್ಟು ಏರಿದ ಸ್ವಲ್ಪ ಹೊತ್ತಿನಲ್ಲಿಯೇ ಆ ವಿಮಾನವು ಸಮೀಪದ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಬಿದ್ದು ಹೊತ್ತಿ ಉರಿಯಿತು. ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ.

ಈ ದುರಂತವು ನಡೆದು ಎರಡು ದಶಕಗಳು ಸಂದಿದ್ದರೂ ಅದನ್ನು ಜನರು ಮರೆತಿಲ್ಲ. ಆದರೆ ಜನರು ನೆನೆಯುವುದು ನಟಿಯನ್ನು, ವಿಮಾನವನ್ನಲ್ಲ. ಅಂತಹ ಚಿಕ್ಕ ವಿಮಾನಗಳು ಏಕೆ ಬಂದವು, ಹೇಗೆ ಹೆಚ್ಚಿದವು, ಯಾವ ಕಾರಣಗಳಿಂದ ಬೀಳುತ್ತವೆ, ಅವುಗಳಿಂದ ನಮ್ಮಂತಹ ಕರಾವಳಿಯ ಗೃಹಸ್ಥರಿಗೆ ಆಗುವ ಪ್ರಯೋಜನವೇನು ಎಂಬ ವಿಚಾರಗಳು ಚಲಚ್ಚಿತ್ರದ ಸುದ್ದಿಗಳ ಗದ್ದಲದಲ್ಲಿ ಅಡಗಿಹೋಗಿವೆ. ಈಗ ಭಟ್ಕಳ, ಹೊನ್ನಾವರ, ಕುಮಟೆಗಳ ಮನೆಗಳಲ್ಲಿಯೂ ಮಗನನ್ನು ಅಥವಾ ಮಗಳನ್ನು ವೈಮಾನಿಕವಿದ್ಯೆಗೆ ಕಳುಹಿಸಬೇಕೆಂಬ ಮಾತು ಕೇಳಿಬರುತ್ತಿರುವುದರಿಂದ, ಈ ವಿಷಯವನ್ನು ಸಾವಧಾನವಾಗಿ ಪರಾಮರ್ಶಿಸುವುದು ಅನುಚಿತವಾಗಲಾರದು.

ಸಂಸ್ಕೃತವನ್ನು ಕಲಿಸಿ ಜೀವನವನ್ನು ಸವೆಸಿದ ನನ್ನಂತಹವನು ವಿಮಾನದ ಮಾತನ್ನೆತ್ತಿದರೆ, "ಅದೆಲ್ಲವೂ ನಮ್ಮ ಪೂರ್ವಿಕರಲ್ಲಿ ಮೊದಲೇ ಇತ್ತಲ್ಲವೇ ಮಾಸ್ತರೇ?" ಎಂದು ಕೇಳುವವರುಂಟು. ವಾಲ್ಮೀಕಿಯ ಪುಷ್ಪಕವನ್ನು ಅರಿಯದವರಾರು? ಕಾಳಿದಾಸನು ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕದಲ್ಲಿ ಕುಳಿತ ರಾಮನು ಸೀತೆಗೆ ಸಮುದ್ರವನ್ನೂ ದಡವನ್ನೂ ತೋರಿಸುತ್ತ ಬರುವುದನ್ನು ವರ್ಣಿಸಿರುವ ಪರಿಯು, ಕರಾವಳಿಯ ಮೇಲೆ ಹಾರುವವರು ಇಂದು ಕಾಣುವ ನೋಟಕ್ಕೆ ಬಹಳ ಸಮೀಪವಾಗಿದೆ. ಆದರೆ ಅದು ಕವಿಯ ಪ್ರತಿಭೆಯ ಮಹಿಮೆ. ಯಂತ್ರವನ್ನು ಮಾಡುವ ವಿಧಾನವಲ್ಲ. 'ವೈಮಾನಿಕ ಶಾಸ್ತ್ರ'ವೆಂಬ ಒಂದು ಗ್ರಂಥವನ್ನು ಕೆಲವರು ಪ್ರಮಾಣವಾಗಿ ತೋರಿಸುವುದುಂಟು. ಅದು ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ 1918ರಿಂದ 1923ರವರೆಗೆ ಹೊರಟು ಲಿಖಿತವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಅದನ್ನು ಕೂಲಂಕಷವಾಗಿ ಪರೀಕ್ಷಿಸಿ, ಅದರ ಭಾಷೆಯು ಅರ್ವಾಚೀನವೆಂದೂ, ಅಲ್ಲಿ ಹೇಳಿದಂತೆ ಮಾಡಿದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಕಾವ್ಯವನ್ನು ಕಾವ್ಯವೆಂದು ಗೌರವಿಸುವುದರಲ್ಲಿ ನಮಗೆ ಯಾವ ನಷ್ಟವೂ ಇಲ್ಲ. ಹಾರುವ ಯಂತ್ರದ ವಿಷಯದಲ್ಲಿಯಾದರೋ ಗಾಳಿ, ಭಾರ, ವೇಗ ಇವುಗಳ ಲೆಕ್ಕವೇ ಪ್ರಮಾಣ. ಆ ಲೆಕ್ಕವು ಯಾರ ಮುಖವನ್ನೂ ನೋಡುವುದಿಲ್ಲ.

ಅಮೆರಿಕೆಯ ರೈಟ್ ಸಹೋದರರು 1903ರ ದಶಂಬರ 17ರಂದು ಮೊತ್ತಮೊದಲು ಹಾರಿದುದು 12 ಸೆಕೆಂಡು, 120 ಅಡಿ ಮಾತ್ರ. ಮೊದಲನೆಯ ಮಹಾಯುದ್ಧವು ವಿಮಾನವನ್ನು ಆಯುಧವಾಗಿ ಬೆಳೆಸಿತು. ಸಾಮಾನ್ಯ ಜನರ ಕೈಗೆ ಅದು ಬಂದುದು ಆ ಮೇಲೆ. 1925ರಲ್ಲಿ ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಎಂಬುವರು 'ಮಾತ್' ಎಂಬ ಎರಡು ಆಸನಗಳ ಹಗುರವಾದ ವಿಮಾನವನ್ನು ನಿರ್ಮಿಸಿದರು. ಅದರ ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಸಣ್ಣ ಕೊಟ್ಟಿಗೆಯಲ್ಲಿ ನಿಲ್ಲಿಸಬಹುದಾಗಿತ್ತು. ಹಾರಾಟದ ಸಂಘಗಳು ಊರೂರುಗಳಲ್ಲಿ ಹುಟ್ಟಿಕೊಂಡುದು ಇಂತಹ ವಿಮಾನದಿಂದಲೇ. ಮಾತ್ ಎಂದರೆ ಪತಂಗ. ನಮ್ಮ ಸಂಸ್ಕೃತದಲ್ಲಿ ಪತಂಗವೆಂಬ ಶಬ್ದಕ್ಕೆ ಪಕ್ಷಿಯೆಂದೂ, ಸೂರ್ಯನೆಂದೂ, ದೀಪಕ್ಕೆ ಬೀಳುವ ಹುಳುವೆಂದೂ ಅರ್ಥಗಳಿವೆ. ಹಾರಲು ಹೊರಟವನು ಈ ಮೂರರಲ್ಲಿ ಕಡೆಯ ಅರ್ಥವನ್ನು ಮರೆಯಬಾರದು.

ಹಿಂದುಸ್ಥಾನದಲ್ಲಿ 1928ರಲ್ಲಿ ದಿಲ್ಲಿ, ಮುಂಬಯಿ ಮೊದಲಾದ ಕಡೆಗಳಲ್ಲಿ ಹಾರಾಟದ ಕ್ಲಬ್ಬುಗಳು ಪ್ರಾರಂಭವಾದವು. 1929ರ ಫೆಬ್ರವರಿ 10ರಂದು ಜೆ. ಆರ್. ಡಿ. ಟಾಟಾ ಅವರು ಈ ದೇಶದಲ್ಲಿ ಕೊಡಲ್ಪಟ್ಟ ವೈಮಾನಿಕ ಪರವಾನಗಿಗಳಲ್ಲಿ 1ನೆಯ ನಂಬರಿನದನ್ನು ಪಡೆದರು. 1932ರ ಅಕ್ಟೋಬರ್ 15ರಂದು ಅವರೇ ಪಸ್ ಮಾತ್ ಎಂಬ ಪತಂಗಜಾತಿಯ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ಮುಂದಕ್ಕೆ ಅವರ ಸಂಗಡಿಗನಾದ ನೆವಿಲ್ ವಿನ್ಸೆಂಟನು ಅಂಚೆಯನ್ನು ತೆಗೆದುಕೊಂಡು ನಮ್ಮ ಬಳ್ಳಾರಿಯಲ್ಲಿ ಇಳಿದು, ರಾತ್ರಿ ತಂಗಿ, ಮಾರನೆಯ ದಿನ ಮದರಾಸನ್ನು ಮುಟ್ಟಿದನು. ಇಂದಿನ ಏರ್ ಇಂಡಿಯಾ ಸಂಸ್ಥೆಯ ಮೂಲವು ಆ ಅಂಚೆಯ ಯಾನವೇ. ದೊಡ್ಡ ವಿಮಾನಯಾನವು ಚಿಕ್ಕ ವಿಮಾನದ ಹೊಟ್ಟೆಯಲ್ಲಿಯೇ ಹುಟ್ಟಿತೆಂಬುದಕ್ಕೆ ಬಳ್ಳಾರಿಯ ಆ ಒಂದು ರಾತ್ರಿಯ ಬಿಡಾರವು ಸಾಕ್ಷಿಯಾಗಿದೆ.

ಕರ್ಣಾಟಕಕ್ಕೆ ಈ ವಿದ್ಯೆಯೊಡನೆ ಇರುವ ನಂಟು ಬಲವಾದುದು. 1940ರ ದಶಂಬರದಲ್ಲಿ ವಾಲಚಂದ ಹೀರಾಚಂದರೂ ಮೈಸೂರು ಸರಕಾರವೂ ಕೂಡಿ ಬೆಂಗಳೂರಿನಲ್ಲಿ ಹಿಂದುಸ್ಥಾನ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯದ ಕಾಲದ ಆಚೀಚೆಗೆ ಮಹಾರಾಜ ಜಯಚಾಮರಾಜ ಒಡೆಯರು ಒದಗಿಸಿದ ನೆಲದಲ್ಲಿ ಜಕ್ಕೂರಿನ ವಿಮಾನ ತರಬೇತಿ ಶಾಲೆಯು ತಲೆಯೆತ್ತಿತು. 1951ರ ಆಗಸ್ಟಿನಲ್ಲಿ ಬೆಂಗಳೂರಿನ ಕಾರ್ಖಾನೆಯ ಎಚ್. ಟಿ. 2 ಎಂಬ ಶಿಕ್ಷಣದ ವಿಮಾನವು ಹಾರಿತು. 1958ರಲ್ಲಿ ಕ್ಲಬ್ಬುಗಳಿಗೆಂದೇ ನಿರ್ಮಿಸಿದ 'ಪುಷ್ಪಕ'ವು ಹಾರಿತು. ಕುಬೇರನ ಪುಷ್ಪಕದಲ್ಲಿ ಎಷ್ಟು ಜನರು ಕುಳಿತರೂ ಇನ್ನೊಬ್ಬರಿಗೆ ಸ್ಥಳವಿರುತ್ತಿತ್ತಂತೆ. ಬೆಂಗಳೂರಿನ ಪುಷ್ಪಕದಲ್ಲಿ ಗುರು ಶಿಷ್ಯರಿಬ್ಬರಿಗೆ ಮಾತ್ರ ಸ್ಥಳ! ಆದರೂ ಅಂತಹ ನೂರೈವತ್ತಕ್ಕೆ ಮಿಕ್ಕಿದ ವಿಮಾನಗಳು ದೇಶದ ನಾನಾ ಕ್ಲಬ್ಬುಗಳಿಗೆ ಹೋಗಿ ಒಂದು ತಲೆಮಾರಿನ ವೈಮಾನಿಕರಿಗೆ ಅಕ್ಷರಾಭ್ಯಾಸವನ್ನು ಮಾಡಿಸಿದವು. ಆ ಮೇಲೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ರಚಿಸಿದ 'ಹಂಸ'ವು 1993ರಲ್ಲಿ ಹಾರಿ 2000ದಲ್ಲಿ ಅಧಿಕೃತ ಪ್ರಮಾಣಪತ್ರವನ್ನು ಪಡೆಯಿತು. ಅದರ ನೂತನ ರೂಪವು 2021ರಲ್ಲಿ ಹಾರಿತು.

ಇದು ಸರಕಾರದ ಪ್ರಯತ್ನವಾಯಿತು. ಖಾಸಗಿಯವರ ಹಾರಾಟವು ಹೆಚ್ಚಿದುದು 1991ರ ಆರ್ಥಿಕ ನೀತಿಯ ತರುವಾಯ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಸೈನ್ಯದಿಂದ ನಿವೃತ್ತರಾಗಿ ಬೇಸಾಯವನ್ನು ಮಾಡಿ, ಅನಂತರ ಜಕ್ಕೂರಿನಿಂದ ಬಾಡಿಗೆಯ ಹೆಲಿಕಾಪ್ಟರುಗಳನ್ನು ನಡೆಸಿ, 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ದರದ ವಿಮಾನಯಾನವನ್ನು ಆರಂಭಿಸಿದರು. ತೋರಣಗಲ್ಲು, ಕೊಪ್ಪಳಗಳಲ್ಲಿ ಕಾರ್ಖಾನೆಯ ಒಡೆಯರು ತಮ್ಮದೇ ವಿಮಾನದ ಬಯಲುಗಳನ್ನು ಮಾಡಿಕೊಂಡರು. ಕಲಬುರಗಿಯಲ್ಲಿ 2019ರಲ್ಲಿಯೂ, ಶಿವಮೊಗ್ಗೆಯಲ್ಲಿ 2023ರಲ್ಲಿಯೂ ಹೊಸ ನಿಲ್ದಾಣಗಳಾದವು. ಬೆಳಗಾವಿ, ಕಲಬುರಗಿಗಳಲ್ಲಿ ಹಾರಾಟವನ್ನು ಕಲಿಸುವ ಖಾಸಗಿ ಶಾಲೆಗಳು ಬಂದವು. ಹಿಂದೆ ರಾಜರಿಗೂ ಶ್ರೀಮಂತರಿಗೂ ವಿನೋದವಾಗಿದ್ದುದು ಹೀಗೆ ಮಧ್ಯಮ ವರ್ಗದವರ ಮಕ್ಕಳಿಗೆ ವೃತ್ತಿಯ ಮಾರ್ಗವಾಗಿ ಪರಿಣಮಿಸಿತು.

ಇನ್ನು ಇವು ಬೀಳುವುದೇಕೆ? ಜಕ್ಕೂರಿನ ಆ ದಿನದ ಕಾರಣವನ್ನು ನಾನಿಲ್ಲಿ ನಿರ್ಣಯಿಸ ಹೊರಟಿಲ್ಲ. ಕಿರುವಿಮಾನಗಳಿಗೆಲ್ಲ ಸಾಮಾನ್ಯವಾದ ಅಪಾಯಗಳನ್ನು ಮಾತ್ರ ತಿಳಿಯ ಹೇಳುತ್ತೇನೆ.

ವಿಮಾನವನ್ನು ಎತ್ತಿ ಹಿಡಿಯುವುದು ಎಂಜಿನಲ್ಲ, ರೆಕ್ಕೆಯ ಮೇಲೂ ಕೆಳಗೂ ಹರಿಯುವ ಗಾಳಿ. ಎಂಜಿನು ವೇಗವನ್ನು ಕೊಡುತ್ತದೆ. ವೇಗವು ಗಾಳಿಯ ಹರಿವನ್ನು ಕೊಡುತ್ತದೆ. ಮೂತಿಯನ್ನು ಅತಿಯಾಗಿ ಮೇಲಕ್ಕೆತ್ತಿದರೆ, ರೆಕ್ಕೆಯು ಎದುರುಗಾಳಿಗೆ ಸುಮಾರು 15 ಡಿಗ್ರಿಗಿಂತ ಹೆಚ್ಚಾಗಿ ಓರೆಯಾದೊಡನೆ, ಮೇಲಿನ ಗಾಳಿಯ ಹರಿವು ಹರಿದು ಚದುರಿ ರೆಕ್ಕೆಯು ತನ್ನ ಆಧಾರವನ್ನು ಕಳೆದುಕೊಳ್ಳುತ್ತದೆ. ಆಗ ಎಂಜಿನು ಸರಿಯಾಗಿ ತಿರುಗುತ್ತಿದ್ದರೂ ವಿಮಾನವು ಕುಸಿಯುತ್ತದೆ. ತಿರುವಿನಲ್ಲಿ ಈ ಭಯವು ಇನ್ನೂ ಅಧಿಕ. 60 ಡಿಗ್ರಿ ವಾಲಿ ಎತ್ತರಗೆಡದೆ ತಿರುಗುವ ವಿಮಾನಕ್ಕೆ ತನ್ನ ಭಾರವೇ ಇಮ್ಮಡಿಯಾದಂತಾಗಿ, ಕುಸಿಯದೆ ನಿಲ್ಲಲು ಬೇಕಾದ ಕನಿಷ್ಠ ವೇಗವು ನೂರಕ್ಕೆ 41ರಷ್ಟು ಏರುತ್ತದೆ. ಎತ್ತರದಲ್ಲಿದ್ದರೆ ಮೂತಿಯನ್ನು ತಗ್ಗಿಸಿ ವೇಗವನ್ನು ಮರಳಿ ಪಡೆಯಬಹುದು. ನೆಲದ ಸಮೀಪದಲ್ಲಾದರೋ ಅದಕ್ಕೆ ಅವಕಾಶವಿಲ್ಲ.

ಆದುದರಿಂದಲೇ ಏರಿದ ಮೊದಲ ಒಂದೆರಡು ನಿಮಿಷಗಳು ಬಹು ಸೂಕ್ಷ್ಮವಾದವು. ಒಂದೇ ಎಂಜಿನು ಆಗ ನಿಂತುಹೋದರೆ, ಹೊರಟ ಬಯಲಿಗೇ ತಿರುಗಿ ಬರಬೇಕೆಂಬ ಆಸೆಯು ಯಾವ ಮನುಷ್ಯನಿಗೂ ಸಹಜ. ಆದರೆ ಶಿಕ್ಷಕರು ಮೊದಲ ದಿನಗಳಿಂದಲೂ ಹೇಳಿಕೊಡುವುದು ಅದಕ್ಕೆ ವಿರುದ್ಧ: ತಿರುಗಬೇಡ, ಮುಂದೆ ಕಾಣುವ ಗದ್ದೆಯಲ್ಲೋ ಬಯಲಲ್ಲೋ ಇಳಿಸು, ಯಂತ್ರವು ಮುರಿದರೆ ಮುರಿಯಲಿ. 2023ರ ಮೇ 30ರಂದು ಬೆಳಗಾವಿಯ ಹತ್ತಿರ ಹೊನ್ನಿಹಾಳದ ಹೊಲದಲ್ಲಿ ಶಿಕ್ಷಣದ ವಿಮಾನವೊಂದು ಹೀಗೆ ತುರ್ತಾಗಿ ಇಳಿದಾಗ ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಡನೆ ಬದುಕಿದರು. ಎಂಜಿನು ನಿಂತ ಕಿರುವಿಮಾನವು ಕಲ್ಲಿನಂತೆ ಬೀಳುವುದಿಲ್ಲ. ತನ್ನ ಎತ್ತರದ ಎಂಟೊಂಬತ್ತು ಪಟ್ಟು ದೂರ ತೇಲಬಲ್ಲದು. ಎತ್ತರವೇ ಅದರ ಗಂಟು. ಗಂಟಿಲ್ಲದವನು ಸಾಲಕ್ಕೆ ಹೊರಟಂತೆ, ಎತ್ತರವಿಲ್ಲದ ವೈಮಾನಿಕನು ತಿರುವಿಗೆ ಹೊರಡಬಾರದು.

ಎರಡನೆಯದು ಭಾರ ಮತ್ತು ಸೆಕೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಅಲ್ಲಿಯ ಗಾಳಿಯು ಕುಮಟೆಯ ಗಾಳಿಗಿಂತ ನೂರಕ್ಕೆ ಎಂಟು ಪಾಲಿಗೂ ಮಿಕ್ಕಿ ವಿರಳವಾಗಿರುತ್ತದೆ. ಬೇಸಗೆಯ ಬಿಸಿಲು ಅದನ್ನು ಮತ್ತಷ್ಟು ತೆಳುವಾಗಿಸುತ್ತದೆ. ವಿರಳವಾದ ಗಾಳಿಯಲ್ಲಿ ರೆಕ್ಕೆಗೂ ಬಲ ಕಡಮೆ, ಎಂಜಿನಿಗೂ ಬಲ ಕಡಮೆ. ಅದೇ ವಿಮಾನವು ಅದೇ ಭಾರವನ್ನು ಹೊತ್ತು ಕರಾವಳಿಯ ಬಯಲಿನಲ್ಲಿ ಸುಲಭವಾಗಿ ಏರಿದರೂ, ಘಟ್ಟದ ಮೇಲೆ ಹೆಚ್ಚು ದೂರ ಓಡಿ ನಿಧಾನವಾಗಿ ಏರುತ್ತದೆ. ದೊಡ್ಡ ವಿಮಾನದಲ್ಲಿ ಒಬ್ಬರ ಪೆಟ್ಟಿಗೆಯು ಲೆಕ್ಕಕ್ಕೆ ಬಾರದೆ ಹೋಗಬಹುದು. ನಾಲ್ವರ ವಿಮಾನದಲ್ಲಿ ಒಂದು ಚೀಲ, ಒಬ್ಬ ದಪ್ಪನೆಯ ಮನುಷ್ಯ, ಹಿಂದಿನ ಆಸನಕ್ಕೆ ಸರಿದ ಭಾರ, ಎಲ್ಲವೂ ಲೆಕ್ಕವೇ.

ಮೂರನೆಯದು ಹವೆ, ನಾಲ್ಕನೆಯದು ಆತುರ. ಇವೆರಡೂ ಸಾಮಾನ್ಯವಾಗಿ ಜತೆಗೂಡಿಯೇ ಬರುತ್ತವೆ. ನಮ್ಮ ದೇಶದಲ್ಲಿ ಸಾರ್ವಜನಿಕ ಜೀವನದವರು ಅನೇಕರು ಹೀಗೆ ಅಳಿದರು. 1980ರ ಜೂನ್ 23ರಂದು ದಿಲ್ಲಿಯಲ್ಲಿ ಸಂಜಯ ಗಾಂಧಿಯವರು ಕಸರತ್ತಿನ ಕಿರುವಿಮಾನವನ್ನು ನಡೆಸುತ್ತಿರುವಾಗ ಬಿದ್ದು ಮಡಿದರು. 2001ರ ಸಪ್ಟೆಂಬರ್ 30ರಂದು ಸಭೆಯೊಂದಕ್ಕೆ ಹೋಗುತ್ತಿದ್ದ ಮಾಧವರಾವ್ ಸಿಂಧಿಯಾ ಅವರ ವಿಮಾನವು ಉತ್ತರ ಪ್ರದೇಶದ ಮೈನಪುರಿಯ ಬಳಿ ಬಿತ್ತು. 2009ರ ಸಪ್ಟೆಂಬರ್ 2ರಂದು ಮಳೆಗಾಲದ ಕಾರ್ಮೋಡಗಳ ನಡುವೆ ನಲ್ಲಮಲದ ಅಡವಿಯಲ್ಲಿ ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರು ಅಪ್ಪಳಿಸಿತು. ಸಭೆಯು ಕಾದಿದೆ, ಜನರು ನೆರೆದಿದ್ದಾರೆ, ಇಂದೇ ತಲುಪಬೇಕು ಎಂಬ ಒತ್ತಾಯವು ಬಾಡಿಗೆಯ ವಿಮಾನದಲ್ಲಿ ಕೂತವರಿಂದ ವೈಮಾನಿಕನ ಮೇಲೆ ಬೀಳುವುದು ಸ್ವಾಭಾವಿಕ. ಬಾಯಿಬಿಟ್ಟು ಹೇಳದಿದ್ದರೂ ಬೀಳುತ್ತದೆ.

ಬಲ್ಲವರ ಕೈಯಲ್ಲಿಯೂ ಪ್ರಮಾದವು ಘಟಿಸುವುದುಂಟು. 2009ರ ಮಾರ್ಚ್ 6ರಂದು ಬಿಡದಿಯ ಬಳಿ 'ಸಾರಸ'ವೆಂಬ ನಮ್ಮದೇ ನಿರ್ಮಾಣದ ವಿಮಾನವು ಪರೀಕ್ಷೆಯ ಹಾರಾಟದಲ್ಲಿ ಬಿದ್ದು ವಾಯುಸೇನೆಯ ಮೂವರು ನುರಿತ ಅಧಿಕಾರಿಗಳು ಪ್ರಾಣತೆತ್ತರು. ಎಂಜಿನನ್ನು ಆಕಾಶದಲ್ಲಿಯೇ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಹೊತ್ತಿಸುವ ಕ್ರಮವೇ ಸರಿಯಾಗಿ ರಚಿತವಾಗಿರಲಿಲ್ಲವೆಂದೂ, ಆ ಕೆಲಸಕ್ಕೆ ಎತ್ತರವು ಸಾಲದಾಗಿತ್ತೆಂದೂ ವಿಚಾರಣೆಯು ಹೇಳಿತು. ನಮ್ಮ ಜಿಲ್ಲೆಯಲ್ಲಿಯೇ, 2020ರ ಅಕ್ಟೋಬರ್ 2ರಂದು, ಕಾರವಾರದ ರವೀಂದ್ರನಾಥ ಠಾಗೂರ್ ಕಡಲತೀರದಲ್ಲಿ ಎಂಜಿನು ಕಟ್ಟಿದ ಹಾರುಕೊಡೆಯೊಂದು ಸಮುದ್ರಕ್ಕೆ ಬಿದ್ದು, ವಿನೋದಕ್ಕೆಂದು ಏರಿದ್ದ ನೌಕಾಸೇನೆಯ ಅಧಿಕಾರಿಯೊಬ್ಬರು ಮೃತರಾದರು; ನಡೆಸುತ್ತಿದ್ದಾತನು ಬದುಕಿದನು. ಸಮುದ್ರವನ್ನು ಬಲ್ಲವರಿಗೂ ಆಕಾಶವು ಬೇರೆಯೇ ಎಂಬುದು ಇದರಿಂದ ತಿಳಿಯುತ್ತದೆ.

"ಹಾಗಾದರೆ ದೊಡ್ಡ ವಿಮಾನಗಳು ಮಾತ್ರ ನಿರ್ಭಯವೇ?" ಎಂದು ವಾಚಕರು ಕೇಳಬಹುದು. ನಮ್ಮ ಕರಾವಳಿಯವರು ಇದಕ್ಕೆ ಉತ್ತರವನ್ನು ಕಣ್ಣಾರೆ ಕಂಡಿದ್ದಾರೆ. 2010ರ ಮೇ 22ರ ಬೆಳಗ್ಗೆ ದುಬಾಯಿಯಿಂದ ಬಂದ ವಿಮಾನವು ಮಂಗಳೂರಿನ ಬಜಪೆಯ ಗುಡ್ಡದ ಮೇಲಿನ ನಿಲ್ದಾಣದಲ್ಲಿ ಇಳಿಯುವಾಗ ಓಟದ ದಾರಿಯನ್ನು ಮೀರಿ ಕಣಿವೆಗೆ ಉರುಳಿ 158 ಜನರು ಮಡಿದರು. 8 ಜನರು ಮಾತ್ರ ಉಳಿದರು. ಕೊಲ್ಲಿಯ ದೇಶಗಳಲ್ಲಿ ದುಡಿಯುವ ಮಕ್ಕಳಿರುವ ಭಟ್ಕಳದ ಮನೆಗಳಿಗೆ ಆ ದಿನದ ತಳಮಳವು ನೆನಪಿನಲ್ಲಿದೆ. ಇಳಿಯುವ ಎತ್ತರವೂ ವೇಗವೂ ಸರಿಯಾಗಿಲ್ಲ, ಮರಳಿ ಮೇಲೇರೋಣವೆಂದು ಸಹವೈಮಾನಿಕನು ಪದೇ ಪದೇ ಎಚ್ಚರಿಸಿದರೂ ಮುಖ್ಯ ವೈಮಾನಿಕನು ಇಳಿಸುವುದನ್ನೇ ಮುಂದುವರಿಸಿದನೆಂದು ವಿಚಾರಣೆಯಲ್ಲಿ ಸಿದ್ಧವಾಯಿತು. ಕಿರುವಿಮಾನವಾಗಲಿ ಹಿರಿವಿಮಾನವಾಗಲಿ, "ಈಗ ಬೇಡ" ಎಂದು ನಿಲ್ಲಿಸಬಲ್ಲ ವಿವೇಕವೇ ಪ್ರಾಣರಕ್ಷಕ. ವ್ಯತ್ಯಾಸವಿಷ್ಟೆ: ದೊಡ್ಡ ವಿಮಾನದಲ್ಲಿ ಇಬ್ಬರು ವೈಮಾನಿಕರು, ಎರಡು ಎಂಜಿನುಗಳು, ಹವೆಯನ್ನು ನೋಡುವವರು, ಲೆಕ್ಕವನ್ನು ಮಾಡುವವರು ಬೇರೆ ಬೇರೆ ಇರುತ್ತಾರೆ. ಚಿಕ್ಕದರಲ್ಲಿ ಇವೆಲ್ಲವೂ ಬಹಳ ಮಟ್ಟಿಗೆ ಒಬ್ಬನ ತಲೆಯ ಮೇಲೆಯೇ ಇರುತ್ತವೆ.

ಇನ್ನು ನಮ್ಮ ಮೂರು ತಾಲೂಕುಗಳ ವಿಚಾರಕ್ಕೆ ಬರೋಣ. ಈ ಸೀಮೆಯು ವಾಹನಗಳ ಏರಿಳಿತಗಳನ್ನು ಬಹಳ ಕಂಡಿದೆ. ಹಿಂದೆ ಕುಮಟೆಯ ಬಂದರಿನಿಂದ ಬಯಲುಸೀಮೆಯ ಹತ್ತಿಯು ಹಡಗುಗಳಲ್ಲಿ ಹೊರಟು, ಆ ಹತ್ತಿಗೆ ಪರದೇಶದ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರಾಗಿತ್ತು. ಘಟ್ಟದ ಮೇಲೆ ರೈಲು ಬಂದೊಡನೆ ಆ ವ್ಯಾಪಾರವು ಸೊರಗಿತು. ಮಚವೆಗಳು ಹೋದವು, ನದಿಗಳಿಗೆ ಸೇತುವೆಗಳಾದವು, 1998ರಲ್ಲಿ ಕೊಂಕಣ ರೈಲ್ವೆಯು ಪೂರ್ಣವಾಗಿ ತೆರೆಯಿತು. ಈಗ ಉಳಿದಿರುವುದು ಆಕಾಶಮಾರ್ಗ. ಅಂಕೋಲೆಯ ಅಲಗೇರಿಯಲ್ಲಿ ನೌಕಾಸೇನೆಯ ವಿಮಾನದ ನೆಲೆಯೊಂದಿಗೆ ನಾಗರಿಕರ ನಿಲ್ದಾಣವೂ ಆಗಬೇಕೆಂಬ ಯೋಜನೆಯು ಹೊರಟಿದೆ. ಒಂದು ಕಡೆ ಸಹ್ಯಾದ್ರಿ, ಮತ್ತೊಂದು ಕಡೆ ಸಮುದ್ರ, ನಡುವೆ ಅಳಿವೆಗಳಿಂದ ತುಂಡುತುಂಡಾದ ಕಿರಿದಾದ ನೆಲ. ಇಲ್ಲಿ ಉದ್ದನೆಯ ಸಮತಲವು ದೊರೆತರೆ ಅದು ಯಾರದೋ ಗದ್ದೆಯೋ ಮನೆಯಂಗಳವೋ ಆಗಿರುತ್ತದೆ. 'ದ್ವೀಪ'ದ ನಾಗಿಯ ಕಥೆಯು ಬೇರೆ ರೂಪದಲ್ಲಿ ಮರುಕಳಿಸದಂತೆ, ನೆಲವನ್ನು ಬಿಟ್ಟುಕೊಡುವವರಿಗೆ ನ್ಯಾಯವು ಮೊದಲು ದೊರೆಯಬೇಕು.

ಆಕಾಶಮಾರ್ಗದಿಂದ ನಮಗೆ ಅತ್ಯಗತ್ಯವಾದ ಒಂದು ಉಪಕಾರವಾಗಬಹುದೆಂದು ಹಲವರು ನಂಬಿದ್ದಾರೆ. ಅದು ರೋಗಿಗಳ ಸಾಗಾಟ. ಹೃದಯಕ್ಕೋ ತಲೆಗೋ ಆಪತ್ತು ಬಂದರೆ ನಾವು ಮಣಿಪಾಲಕ್ಕೆ, ಮಂಗಳೂರಿಗೆ, ಇಲ್ಲವೇ ಘಟ್ಟವನ್ನು ಹತ್ತಿ ಹುಬ್ಬಳ್ಳಿಗೆ ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಮಳೆಯಲ್ಲಿ ಶಿರೂರಿನ ಸುಂಕದ ಕಟ್ಟೆಯ ಬಳಿ ಮಗುಚಿ ನಾಲ್ವರು ತೀರಿಕೊಂಡರು. ಅದನ್ನು ಕಂಡು ಜಿಲ್ಲೆಯ ಜನರು ಇಲ್ಲಿಯೇ ದೊಡ್ಡ ಆಸ್ಪತ್ರೆಯಾಗಬೇಕೆಂದು ಮತ್ತೊಮ್ಮೆ ಕೂಗೆಬ್ಬಿಸಿದರು. ಹೆಲಿಕಾಪ್ಟರಿದ್ದರೆ ಅವರು ಉಳಿಯುತ್ತಿದ್ದರಲ್ಲವೇ ಎಂದು ಕೇಳುವವರಿಗೆ ನನ್ನ ಸಮಾಧಾನವಿದು: ಜುಲೈ ತಿಂಗಳ ನಮ್ಮ ಕರಾವಳಿಯಲ್ಲಿ, ಮೋಡವು ತೆಂಗಿನ ತಲೆಗೆ ತಾಗುವಂತೆ ಇಳಿದಿರುವ ದಿನಗಳಲ್ಲಿ, ಚಿಕ್ಕ ವಿಮಾನವೂ ಹೆಲಿಕಾಪ್ಟರೂ ಹಾರದೆ ಇರುವುದೇ ಕ್ಷೇಮ. ಯಾವ ದಿನ ನಮಗೆ ಅದು ಹೆಚ್ಚು ಬೇಕೋ ಆ ದಿನವೇ ಅದು ದೊರೆಯಲಾರದು. ಆದಕಾರಣ ಆಸ್ಪತ್ರೆಯು ಮೊದಲು, ಹೆಲಿಕಾಪ್ಟರು ಆಮೇಲೆ. ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಅದು ಒದಗಿದರೆ ಸಂತೋಷವೇ. ಆದರೆ ಅದನ್ನು ನಂಬಿ ಆಸ್ಪತ್ರೆಯ ಬೇಡಿಕೆಯನ್ನು ಕೈಬಿಡುವುದು ಸಲ್ಲದು.

ಕಡೆಯದಾಗಿ ಮಕ್ಕಳ ವಿಷಯ. ಹೋದ ವರ್ಷ ನನ್ನಲ್ಲಿ ಹಿಂದೆ ಓದಿದ ಒಬ್ಬನು, ಈಗ ಹೊನ್ನಾವರದ ಮೇಲ್ಭಾಗದಲ್ಲಿ ಅಡಿಕೆಯ ತೋಟವನ್ನು ನೋಡಿಕೊಂಡಿರುವವನು, ಮನೆಗೆ ಬಂದು, "ಮಾಸ್ತರೇ, ಮಗಳು ವಿಮಾನ ನಡೆಸುವುದನ್ನು ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಹತ್ತಾರು ಲಕ್ಷ ಬೇಕಂತೆ. ತೋಟದ ಒಂದು ಪಾಲನ್ನು ಮಾರಬೇಕಾಗುತ್ತದೆ. ಹಣದ ಚಿಂತೆ ಒಂದು. ಅವಳ ಜೀವದ ಚಿಂತೆ ಮತ್ತೊಂದು. ನೀವೇನು ಹೇಳುತ್ತೀರಿ?" ಎಂದು ಕೇಳಿದನು. ಹೆಣ್ಣುಮಗಳೆಂಬ ಕಾರಣದಿಂದ ಬೇಡವೆನ್ನುವಂತಿಲ್ಲ. 1936ರಲ್ಲಿಯೇ ಸರಳಾ ಠಕ್ರಾಲ್ ಎಂಬ ಇಪ್ಪತ್ತೊಂದು ವರ್ಷದ ಗೃಹಿಣಿಯು ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನವನ್ನು ಒಬ್ಬಳೇ ಹಾರಿಸಿದ್ದಳು. ಅಪಾಯವೆಂಬ ಕಾರಣದಿಂದಲೂ ಒಮ್ಮೆಲೇ ಬೇಡವೆನ್ನಲಾಗದು. ಹಾಗೆನ್ನುವುದಾದರೆ ನಮ್ಮ ಖಾರ್ವಿಗಳೂ ಮೊಗೇರರೂ ಕಡಲಿಗೆ ಇಳಿಯುವಂತಿಲ್ಲ.

ನಾನು ಅವನಿಗೆ ಹೇಳಿದುದನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತೇನೆ. ಸ್ವಂತಕ್ಕೆ ಹಾರುವ ಖಾಸಗಿ ಪರವಾನಗಿಗೆ ನಮ್ಮ ದೇಶದಲ್ಲಿ 17 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಉತ್ತೀರ್ಣವಾಗಿರಬೇಕು, ವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ವೃತ್ತಿಯ ಪರವಾನಗಿಗೆ 18 ವರ್ಷ, 200 ಗಂಟೆ. ಹಣವನ್ನು ಕಟ್ಟುವುದಕ್ಕೆ ಮೊದಲೇ ವೈದ್ಯಪರೀಕ್ಷೆಯನ್ನು ಮಾಡಿಸಬೇಕು. ಕಣ್ಣಿನ ದೋಷವೋ ಕಿವಿಯ ದೋಷವೋ ಅರ್ಧ ಹಣ ಕಳೆದ ಮೇಲೆ ಗೊತ್ತಾದರೆ ತೋಟವೂ ಹೋಯಿತು, ವಿದ್ಯೆಯೂ ಹೋಯಿತು. ಶಾಲೆಯನ್ನು ಆರಿಸುವಾಗ ಕಟ್ಟಡವನ್ನೂ ಜಾಹೀರಾತನ್ನೂ ನೋಡದೆ ಕೊಟ್ಟಿಗೆಗೆ ಹೋಗಿ ವಿಮಾನಗಳನ್ನು ನೋಡಬೇಕು. ಹಾರುವ ಸ್ಥಿತಿಯಲ್ಲಿರುವವು ಎಷ್ಟು, ದುರಸ್ತಿಗೆ ನಿಂತಿರುವವು ಎಷ್ಟು, ಒಬ್ಬ ಶಿಕ್ಷಕನಿಗೆ ಎಷ್ಟು ಶಿಷ್ಯರು, ಕಳೆದ ವರ್ಷ ಸೇರಿದವರು ಎಷ್ಟು ಗಂಟೆ ಹಾರಿದ್ದಾರೆ ಎಂದು ಕೇಳಬೇಕು. 2023ರಲ್ಲಿ ಮೇಲಿಂದ ಮೇಲೆ ಅವಘಡಗಳಾದ ಒಂದು ದೊಡ್ಡ ತರಬೇತಿ ಸಂಸ್ಥೆಯ ಹಾರಾಟವನ್ನೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು ತಡೆಹಿಡಿದುದುಂಟು. ಆದುದರಿಂದ ಈ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬಾರದು. ಹಣವನ್ನು ಒಟ್ಟಿಗೆ ಕೊಡದೆ ಹಾರಿದ ಗಂಟೆಗೆ ತಕ್ಕಂತೆ ಕೊಡುವ ಏರ್ಪಾಡು ಸಾಧ್ಯವೇ ಎಂದು ವಿಚಾರಿಸಬೇಕು. ಪರವಾನಗಿ ದೊರೆತೊಡನೆ ಉದ್ಯೋಗವು ದೊರೆಯುವುದೆಂಬ ಭರವಸೆಯನ್ನು ಇಟ್ಟುಕೊಳ್ಳಬಾರದು. ಒಂದೆರಡು ವರ್ಷ ಕಾಯುವ ಶಕ್ತಿಯು ಮನೆಗೆ ಇರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಆಕಾಶದಲ್ಲಿಯೂ ನಿಜ.

ಬಾಡಿಗೆಯ ಕಿರುವಿಮಾನದಲ್ಲಿಯೋ ಕಡಲತೀರದ ವಿನೋದದ ಯಂತ್ರದಲ್ಲಿಯೋ ಕೂಡುವವರಿಗೂ ಕೆಲವು ಮಾತುಗಳಿವೆ. ಸಂಸ್ಥೆಗೂ ನಡೆಸುವವನಿಗೂ ಅನುಮತಿಯಿದೆಯೇ ಎಂದು ಕೇಳಿರಿ. ನಿಮ್ಮ ತೂಕವನ್ನೂ ಗಂಟುಮೂಟೆಯ ತೂಕವನ್ನೂ ಇದ್ದಂತೆ ಹೇಳಿರಿ. ಸಮುದ್ರದ ಮೇಲಾದರೆ ತೇಲುವ ಅಂಗಿಯನ್ನು ಧರಿಸಿಯೇ ಹೊರಡಿರಿ. ವೈಮಾನಿಕನು ಹವೆಯನ್ನು ನೋಡಿ "ಇಂದು ಬೇಡ" ಎಂದರೆ ಮರುಮಾತಾಡಬೇಡಿರಿ. ಮದುವೆಯ ಮುಹೂರ್ತವಾದರೂ ಮೀರಲಿ, ಸಭೆಯ ಸಮಯವಾದರೂ ಮೀರಲಿ. ಅವನು ಹೊರಡಲು ಒಪ್ಪಿದರೂ ನಿಮಗೆ ಭಯವೆನಿಸಿದರೆ ಇಳಿದುಬಿಡಿರಿ. ಕೊಟ್ಟ ಹಣವು ಹೋದರೂ ಚಿಂತೆಯಿಲ್ಲ.

ನಮ್ಮ ಮೀನುಗಾರರು ಈ ವಿದ್ಯೆಯನ್ನು ತಲೆತಲಾಂತರದಿಂದ ಬಲ್ಲರು. ಮಳೆಗಾಲದಲ್ಲಿ ಯಂತ್ರದ ದೋಣಿಗಳನ್ನು ದಡಕ್ಕೆ ಕಟ್ಟಿ, ಬಲೆಗಳನ್ನು ಹೆಣೆಯುತ್ತ, ಎಂಜಿನುಗಳನ್ನು ಬಿಚ್ಚಿ ಒರೆಸುತ್ತ, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿಯನ್ನು ಅರ್ಪಿಸಿ, ಆಮೇಲೆ ಕಡಲಿಗೆ ಇಳಿಯುತ್ತಾರೆ. ಪಡುಗಾಳಿಯ ಬಣ್ಣವನ್ನು ಕಂಡು ಅರ್ಧ ದಾರಿಯಿಂದ ತಿರುಗಿ ಬಂದವನನ್ನು ಅವರಲ್ಲಿ ಯಾರೂ ಹೇಡಿಯೆಂದು ಕರೆಯುವುದಿಲ್ಲ. ಆ ಶಿಷ್ಯನ ಮಗಳು ವೈದ್ಯಪರೀಕ್ಷೆಯಲ್ಲಿ ತೇರ್ಗಡೆಯಾಗಿ ಈಗ ಶಾಲೆಗಳನ್ನು ನೋಡಿ ಬರುತ್ತಿದ್ದಾಳೆ. ತೋಟದ ಪಾಲನ್ನು ಇನ್ನೂ ಮಾರಿಲ್ಲ. ಎರಡು ಶಾಲೆಗಳನ್ನು ನೋಡಿ ಬೇಡವೆಂದಳಂತೆ, ಮೂರನೆಯದನ್ನು ನೋಡಬೇಕಾಗಿದೆ. ಆ ಹುಡುಗಿಯು ಹಾರುವುದಕ್ಕೆ ಮೊದಲೇ "ಬೇಡ" ಎನ್ನುವುದನ್ನು ಕಲಿತಿರುವುದರಿಂದ, ಅವಳು ಒಳ್ಳೆಯ ವೈಮಾನಿಕಳಾಗುವಳೆಂದು ನನಗೆ ಭರವಸೆಯುಂಟು.